ಲಿಯಾಮ್ ಮೆಕಾರ್ಮಿಕ್ ಕಟ್ಟಿದ ಚರ್ಚುಗಳು ಈಗ ಯಾರ ಜವಾಬ್ದಾರಿ?

ಐರ್ಲೆಂಡಿನಿಂದ ಬರುವ ಚರ್ಚ್ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಲಿಪೂಜೆಗೆ (ಕ್ಯಾಥೊಲಿಕರ ಮಾಸ್‌ಗೆ) ಜನ ಬರುತ್ತಿಲ್ಲ, ಪಾದ್ರಿಗಳು ಸಿಗುತ್ತಿಲ್ಲ, ಆದ್ದರಿಂದ ಕೆಲವು ಚರ್ಚುಗಳನ್ನು ಮುಚ್ಚಿ ಆ ಜಾಗದಲ್ಲಿ ಮನೆ ಕಟ್ಟೋಣ ಎಂದು ಧರ್ಮಪ್ರಾಂತ್ಯಗಳೇ (ಒಬ್ಬೊಬ್ಬ ಬಿಷಪ್ಪರ ಆಡಳಿತದ ವಲಯಗಳೇ) ಹೇಳುತ್ತವೆ. ಅದೇ ಹೊತ್ತಿಗೆ ಚರ್ಚ್ ಕಟ್ಟಡದ ಒಂದು ಕಲ್ಲನ್ನೂ ಮುಟ್ಟಕೂಡದು ಎಂದು ಜನ ನಗರಸಭೆಗೆ ಅರ್ಜಿ ಹಾಕುತ್ತಾರೆ. ಹಾಗೆ ಅರ್ಜಿ ಹಾಕುವವರಲ್ಲಿ ವರ್ಷಕ್ಕೊಮ್ಮೆಯೂ ಚರ್ಚಿಗೆ ಹೋಗದವರು ಇರುತ್ತಾರೆ.

ಹೋಗದ ಚರ್ಚಿನ ಮೇಲೆ ಇಷ್ಟು ಹಠ ಯಾಕೆ? ತನ್ನದೇ ಚರ್ಚಿನಲ್ಲಿ ಬಲಿಪೀಠ (ಪಾದ್ರಿ ಪೂಜೆ ಅರ್ಪಿಸುವ ಮೇಜು) ಸರಿಸಲು ಬಿಷಪ್ ಸರ್ಕಾರದ ಅನುಮತಿ ಯಾಕೆ ಕೇಳಬೇಕು? ಕಟ್ಟಿ ಅರವತ್ತು ವರ್ಷವೂ ತುಂಬದ ಕಾಂಕ್ರೀಟ್ ಕಟ್ಟಡ ಪರಂಪರೆ ಆಗುವುದು ಹೇಗೆ? ಈ ಮೂರೂ ಪ್ರಶ್ನೆಗಳನ್ನು ಬಿಡಿಸಿಕೊಳ್ಳಲು ಒಬ್ಬ ವಾಸ್ತುಶಿಲ್ಪಿಯ ಕೆಲಸ ನೋಡಿದರೆ ಅರ್ಧ ದಾರಿ ಸವೆದಂತೆ. ಅವರ ಹೆಸರು ಲಿಯಾಮ್ ಮೆಕಾರ್ಮಿಕ್. ಹೊಸ ಬಗೆಯ ಚರ್ಚು ಕಟ್ಟಿ ಐರ್ಲೆಂಡಿನ ಜನಕ್ಕೆ ಅದನ್ನು ಒಪ್ಪಿಸಿದವರು ಅವರು. ಹಳೆಯದೊಂದು ಕೆಥೆಡ್ರಲ್‌ನ, ಅಂದರೆ ಬಿಷಪ್ಪರ ಪೀಠವಿರುವ ಮುಖ್ಯ ಚರ್ಚಿನ, ಒಳಭಾಗ ತೆಗೆಸಿ ಬೈಸಿಕೊಂಡವರೂ ಅವರೇ.

ಗಡಿಯ ಎರಡೂ ಕಡೆಯ ಮನುಷ್ಯ

ಮೆಕಾರ್ಮಿಕ್ ಹುಟ್ಟಿದ್ದು 1916ರಲ್ಲಿ, ಡೆರಿ ನಗರದಲ್ಲಿ. ಬೆಳೆದದ್ದು ಡೊನೆಗಾಲ್ ಕೌಂಟಿಯ ಗ್ರೀನ್‌ಕ್ಯಾಸಲ್ ಎಂಬ ಕಡಲತೀರದ ಊರಿನಲ್ಲಿ. ಅವರು ಮಗುವಾಗಿದ್ದಾಗಲೇ ಐರ್ಲೆಂಡ್ ಎರಡಾಯಿತು. ಡೆರಿ ಬ್ರಿಟಿಷ್ ಆಳ್ವಿಕೆಯ ಉತ್ತರ ಐರ್ಲೆಂಡಿಗೆ ಸೇರಿತು, ಪಕ್ಕದ ಡೊನೆಗಾಲ್ ಈಚೆಗೆ, ಸ್ವತಂತ್ರ ಐರ್ಲೆಂಡಿನಲ್ಲಿ, ಉಳಿಯಿತು. ಆದರೆ ಚರ್ಚಿನ ಆಡಳಿತಕ್ಕೆ ಈ ಗಡಿ ಇಲ್ಲ. ಡೆರಿ ಧರ್ಮಪ್ರಾಂತ್ಯ ಇವತ್ತಿಗೂ ಎರಡೂ ಕಡೆ ಹರಡಿಕೊಂಡಿದೆ. ಹಾಗಾಗಿ ಅವರ ಕೆಲಸವೂ ಎರಡೂ ಕಡೆ ನಡೆಯಿತು. ಈ ಒಂದು ಸಂಗತಿ ಮುಂದೆ ಕಾನೂನಿನ ಮಾತು ಬಂದಾಗ ಬಹಳ ಮುಖ್ಯವಾಗುತ್ತದೆ.

ಅವರು ಲಿವರ್‌ಪೂಲ್‌ನಲ್ಲಿ ವಾಸ್ತುಶಿಲ್ಪ ಓದಿದರು. 1940ರ ದಶಕದ ಕೊನೆಯಲ್ಲಿ ಫ್ರಾಂಕ್ ಕೋರ್ ಜೊತೆ ಸೇರಿ ಕ್ಲೇರ್ ಕೌಂಟಿಯ ಎನಿಸ್ಟೈಮನ್ ಚರ್ಚಿನ ವಿನ್ಯಾಸ ಸ್ಪರ್ಧೆ ಗೆದ್ದರು. ಆ ಗೆಲುವೇ ಇಬ್ಬರ ಪಾಲುದಾರಿಕೆಗೆ ಬುನಾದಿ. ಚರ್ಚು 1954ರ ಹೊತ್ತಿಗೆ ಸಿದ್ಧವಾಯಿತು. ಆಮೇಲೆ ಮಿಲ್ಫರ್ಡ್, ಡೆಸರ್ಟೆಗ್ನಿ, ಬರ್ಟ್, ಕ್ರೀಸ್‌ಲೊ, ಗ್ಲೆಂಟೀಸ್ ಹೀಗೆ ಡೊನೆಗಾಲ್‌ನ ಸಣ್ಣ ಊರುಗಳಲ್ಲಿ ಒಂದಾದ ಮೇಲೊಂದು ಚರ್ಚು ಬಂದವು. ಬೇರೆ ಕಟ್ಟಡಗಳನ್ನೂ ಮಾಡಿದರು. ಡಬ್ಲಿನ್‌ನ ಗ್ಲಾಸ್‌ನೆವಿನ್‌ನಲ್ಲಿರುವ, ತಲೆ ಕಡಿದ ಪಿರಮಿಡ್ಡಿನಂತೆ ಕಾಣುವ ಹವಾಮಾನ ಇಲಾಖೆಯ ಕಚೇರಿ ಅವರದೇ. ದೋಣಿ ಹುಚ್ಚು ಜಾಸ್ತಿ ಇದ್ದ ಮನುಷ್ಯ. ಸಮುದ್ರದಿಂದ ನಿಂತು ದಡ ನೋಡಿ ಗೊತ್ತಿದ್ದವರಿಗೆ ಬೆಟ್ಟದ ಗೆರೆ, ಗಾಳಿಯ ದಿಕ್ಕು ಚೆನ್ನಾಗಿ ತಿಳಿದಿರುತ್ತದೆ. ಅವರ ಕಟ್ಟಡಗಳಲ್ಲಿ ಅದು ಕಾಣುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. 1996ರಲ್ಲಿ ತೀರಿಕೊಂಡರು.

ಬರ್ಟ್: ಕೋಟೆಯ ಕೆಳಗಿನ ಚರ್ಚು

1967ರಲ್ಲಿ ಮುಗಿದ ಬರ್ಟ್‌ನ ಸಂತ ಏಂಗಸ್ ಚರ್ಚು ಅವರ ಅತ್ಯಂತ ಹೆಸರಾದ ಕೆಲಸ. ಅದರ ಮೇಲಿನ ಗುಡ್ಡದಲ್ಲಿ ಗ್ರೀನನ್ ಆಫ್ ಏಲಾಕ್ ಎಂಬ ವೃತ್ತಾಕಾರದ ಕಲ್ಲುಕೋಟೆ ಇದೆ. ಒಂದು ಕಾಲಕ್ಕೆ ಅದು ಉತ್ತರದ ಊ ನೀಲ್ ರಾಜರ ನೆಲೆ. 1101ರಲ್ಲಿ ದಕ್ಷಿಣದ ರಾಜ ಮುರ್ಖರ್ಟಾಖ್ ಓ ಬ್ರಯನ್ ಅದನ್ನು ಕೆಡವಿಸಿದ. ಇವತ್ತು ಕಾಣುವ ಗೋಡೆಯ ಬಹುಪಾಲು 1870ರ ದಶಕದಲ್ಲಿ ಡೆರಿಯ ವೈದ್ಯ ವಾಲ್ಟರ್ ಬರ್ನಾರ್ಡ್ ಮತ್ತೆ ಕಟ್ಟಿಸಿದ್ದು. ಪುರಾತನ ಎಂದು ಜನ ಕೈಮುಗಿಯುವುದರಲ್ಲಿ ಎಷ್ಟು ಭಾಗ ನಿಜಕ್ಕೂ ಪುರಾತನ ಅನ್ನುವ ಪ್ರಶ್ನೆ ಇಲ್ಲಿ ಸುಮ್ನೆ ತಲೆಗೆ ಬರುತ್ತದೆ ಅಲ್ವಾ?

ಮೆಕಾರ್ಮಿಕ್ ಆ ಕೋಟೆಯ ವೃತ್ತವನ್ನು ಕೆಳಕ್ಕೆ ತಂದರು. ಹೊರಗೆ ಕಲ್ಲಿನ ದುಂಡು ಗೋಡೆ. ಮೇಲೆ ತಾಮ್ರದ ಛಾವಣಿ, ಅದು ಡೇರೆಯಂತೆ ಏರಿ ಶಿಖರವಾಗುತ್ತದೆ. ಆದರೆ ಶಿಖರ ನಟ್ಟನಡುವೆ ಇಲ್ಲ, ಒಂದು ಬದಿಗೆ ಇದೆ. ಅದರ ಕೆಳಗೆ ಬಲಿಪೀಠ, ಬೆಳಕು ಮೇಲಿನಿಂದ ಅಲ್ಲಿಗೇ ಬೀಳುತ್ತದೆ. ಜನ ಅದರ ಸುತ್ತ ಅರ್ಧಚಂದ್ರಾಕಾರದಲ್ಲಿ ಕೂರುತ್ತಾರೆ. ವಿನ್ಯಾಸದಲ್ಲಿ ಅವರ ಕಚೇರಿಯ ಊನಾ ಮ್ಯಾಡನ್ ಅವರ ಪಾಲು ದೊಡ್ಡದು. ಬಣ್ಣದ ಗಾಜು ಹೆಲೆನ್ ಮೊಲೋನಿ ಅವರದು.

ಈ ಚರ್ಚಿಗೆ ಐರಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಬಂತು. 1999ರಲ್ಲಿ ನಡೆದ ಮತದಾನದಲ್ಲಿ ಐರ್ಲೆಂಡಿನ ಇಪ್ಪತ್ತನೇ ಶತಮಾನದ ಅತ್ಯುತ್ತಮ ಕಟ್ಟಡವಾಗಿ ಆಯ್ಕೆಯಾಯಿತು. ಡಬ್ಲಿನ್‌ನ ಬ್ಯಾಂಕು, ವಿಮಾನ ನಿಲ್ದಾಣ, ವಿಶ್ವವಿದ್ಯಾಲಯಗಳೆಲ್ಲ ಇದ್ದೂ ಹೊಲಗಳ ನಡುವಿನ ಹಳ್ಳಿ ಚರ್ಚೊಂದು ಗೆದ್ದಿತು.

ವೃತ್ತ ಯಾಕೆ ಬೇಕಾಯಿತು?

ಇದನ್ನು ಬರೀ ಕಲಾವಿದನ ಹುಮ್ಮಸ್ಸು ಎಂದುಕೊಂಡರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. 1962ರಿಂದ 1965ರವರೆಗೆ ವ್ಯಾಟಿಕನ್‌ನಲ್ಲಿ ಜಗತ್ತಿನ ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಡಿಸೆಂಬರಿನಲ್ಲಿ ಪೂಜಾವಿಧಿಯ ಕುರಿತ ದಾಖಲೆ ಹೊರಬಂತು. ಅಲ್ಲಿಯವರೆಗೆ ಪಾದ್ರಿ ಜನರಿಗೆ ಬೆನ್ನು ಮಾಡಿ, ಲ್ಯಾಟಿನ್‌ನಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಜನ ಸಾಲಾಗಿ ಕೂತು ದೂರದ ಬಲಿಪೀಠ ನೋಡುತ್ತಿದ್ದರು. ನಡುವೆ ಒಂದು ಕಟಕಟೆ. ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು, ಪಾದ್ರಿ ಜನರ ಕಡೆ ತಿರುಗಿದರು. ಪೂಜೆ ನೋಡುವುದಷ್ಟೇ ಅಲ್ಲ, ಎಲ್ಲರೂ ಅದರಲ್ಲಿ ಪಾಲ್ಗೊಳ್ಳಬೇಕು ಎಂಬ ಮಾತು ಮುಂದೆ ಬಂತು.

ಪೂಜೆ ಬದಲಾದರೆ ಕಟ್ಟಡ ಬದಲಾಗಲೇಬೇಕು. ಉದ್ದನೆಯ ಹಜಾರದ ಕೊನೆಯಲ್ಲಿ ಬಲಿಪೀಠ ಇಟ್ಟರೆ ಹಿಂದಿನ ಸಾಲಿನವರು ಪಾಲ್ಗೊಳ್ಳುವುದು ಹೇಗೆ? ವೃತ್ತ, ಅರ್ಧವೃತ್ತ, ಬೀಸಣಿಗೆ ಆಕಾರಗಳು ಬಂದದ್ದು ಈ ಕಾರಣಕ್ಕೆ. ಬರ್ಟ್‌ನ ವಿನ್ಯಾಸ ಶುರುವಾದದ್ದು ಮಹಾಸಭೆ ಇನ್ನೂ ನಡೆಯುತ್ತಿರುವಾಗಲೇ. ಮೆಕಾರ್ಮಿಕ್ ಹೊಸ ಪೂಜೆಗೆ ಹೊಸ ಜಾಗ ಕೊಟ್ಟರು. ಜೊತೆಗೆ ಅದನ್ನು ಊರಿನವರ ಕಣ್ಣಿಗೆ ಪರಿಚಿತವಾದ ಕೋಟೆಯ ರೂಪದಲ್ಲಿ ಕೊಟ್ಟರು. ಹೊಸದನ್ನು ಹಳೆಯದರ ತೋಳಿನಲ್ಲಿಟ್ಟು ಒಪ್ಪಿಸುವ ಜಾಣತನ ಇದು. ಕ್ರೀಸ್‌ಲೊ ಚರ್ಚಿನಲ್ಲೂ ಹಾಗೆಯೇ. 1971ರ ಆ ಬಿಳಿ ಕಟ್ಟಡದ ಬೆನ್ನು ಹಿಂದಿನ ಮಕಿಶ್ ಬೆಟ್ಟದ ಗೆರೆಯನ್ನೇ ಹೋಲುತ್ತದೆ. ದಪ್ಪ ಗೋಡೆ, ಸಣ್ಣ ಕಿಟಕಿ ನೋಡಿದವರಿಗೆ ಫ್ರಾನ್ಸಿನ ರೋನ್‌ಶಾಂಪ್‌ನಲ್ಲಿ ಲ ಕಾರ್ಬೂಸಿಯೆ ಕಟ್ಟಿದ ಪ್ರಾರ್ಥನಾಲಯ ನೆನಪಾಗುತ್ತದೆ. ಆದರೆ ಕ್ರೀಸ್‌ಲೊ ಜನಕ್ಕೆ ಅದು ಅವರ ಬೆಟ್ಟ.

ಅದೇ ಕೈ, ಅರ್ಮಾದಲ್ಲಿ

ಇನ್ನು ಕಥೆಯ ಇನ್ನೊಂದು ಮುಖ. ಐರ್ಲೆಂಡಿನ ಕ್ಯಾಥೊಲಿಕರ ಪ್ರಧಾನ ಪೀಠ ಇರುವುದು ಉತ್ತರ ಐರ್ಲೆಂಡಿನ ಅರ್ಮಾದಲ್ಲಿ. ಅಲ್ಲಿನ ಸಂತ ಪ್ಯಾಟ್ರಿಕ್ ಕೆಥೆಡ್ರಲ್‌ಗೆ 1840ರಲ್ಲಿ ಅಡಿಗಲ್ಲು ಬಿತ್ತು. ನಡುವೆ ಮಹಾ ಬರಗಾಲ ಬಂದು ಕೆಲಸ ನಿಂತಿತು. ಆಮೇಲೆ ಜೆ. ಜೆ. ಮೆಕಾರ್ಥಿ ಎಂಬ ವಾಸ್ತುಶಿಲ್ಪಿ ಅದನ್ನು ಮುಂದುವರಿಸಿದರು. ಹೊಟ್ಟೆಗಿಲ್ಲದ ಕಾಲ ದಾಟಿ ಬಂದ ಜನ ಪೈಸೆ ಪೈಸೆ ಸೇರಿಸಿ ಎಬ್ಬಿಸಿದ ಕಟ್ಟಡ ಅದು. 1904ರ ಹೊತ್ತಿಗೆ ಒಳಗೆ ಅಮೃತಶಿಲೆಯ ದೊಡ್ಡ ಬಲಿಪೀಠ, ಕೆತ್ತನೆಯ ತಡಿಕೆ ಎಲ್ಲ ಕೂಡಿಕೊಂಡಿದ್ದವು.

1982ರಲ್ಲಿ ಮೆಕಾರ್ಮಿಕ್ ಅಲ್ಲಿ ಹೊಸ ಪೂಜೆಗೆ ತಕ್ಕಂತೆ ಬಲಿಪೀಠದ ಜಾಗವನ್ನು ಮಾರ್ಪಡಿಸಿದರು. ಹಳೆಯ ಅಮೃತಶಿಲೆ ಹೋಯಿತು, ತಡಿಕೆ ಹೋಯಿತು. ಅವುಗಳ ಬದಲು ಗ್ರಾನೈಟಿನ ಒರಟು ಕಲ್ಲುಗಳು, ಹೊಸ ಮಾದರಿಯ ಪರಮಪ್ರಸಾದದ ಪೆಟ್ಟಿಗೆ ಬಂದವು. ಬೈಗುಳ ಕಡಿಮೆ ಬೀಳಲಿಲ್ಲ. ಕಡೆಗೆ ಇಪ್ಪತ್ತು ವರ್ಷ ಕಳೆದ ಮೇಲೆ, 2003ರ ಸುಮಾರಿಗೆ, ಚರ್ಚೇ ಮೆಕಾರ್ಮಿಕ್‌ರ ಕೆಲಸ ತೆಗೆಸಿ ಇನ್ನೊಮ್ಮೆ ಬದಲಾಯಿಸಿತು.

ಬರ್ಟ್‌ನಲ್ಲಿ ಮೆಚ್ಚುಗೆ ತಂದ ಅದೇ ತತ್ವ ಅರ್ಮಾದಲ್ಲಿ ಯಾಕೆ ಸೋತಿತು? ಬರ್ಟ್‌ನಲ್ಲಿ ಅವರು ಖಾಲಿ ನೆಲದಿಂದ ಶುರುಮಾಡಿದರು, ಸುತ್ತಲಿನ ಗುಡ್ಡದ ಮಾತು ಕೇಳಿದರು. ಅರ್ಮಾದಲ್ಲಿ ಗೋಥಿಕ್ ಕಟ್ಟಡವೇ ಸುತ್ತಲಿನ ಗುಡ್ಡ. ಅದರ ಮಾತನ್ನು ಅವರು ಕೇಳಿಸಿಕೊಂಡಂತೆ ಕಾಣುವುದಿಲ್ಲ.

ಕಾನೂನು ಗಡಿಯಲ್ಲಿ ಬದಲಾಗುತ್ತದೆ

ಅರ್ಮಾವನ್ನು ಎರಡು ಸಲ ಬಿಚ್ಚಿ ಕಟ್ಟಲು ಚರ್ಚಿಗೆ ಸಾಧ್ಯವಾದದ್ದು ಹೇಗೆ? ಉತ್ತರ ಐರ್ಲೆಂಡಿನಲ್ಲಿ ಪೂಜೆ ನಡೆಯುತ್ತಿರುವ ಚರ್ಚುಗಳಿಗೆ ಪರಂಪರೆ ಕಟ್ಟಡದ ಅನುಮತಿ ನಿಯಮದಿಂದ ವಿನಾಯಿತಿ ಇದೆ. ಕಟ್ಟಡ ಪಟ್ಟಿಯಲ್ಲಿದ್ದರೂ, ಒಳಗೆ ಏನು ಮಾಡಬೇಕೆಂಬುದು ಬಹುಮಟ್ಟಿಗೆ ಚರ್ಚಿನ ತೀರ್ಮಾನ.

ಗಡಿಯ ಈಚೆ, ಐರ್ಲೆಂಡ್ ಗಣರಾಜ್ಯದಲ್ಲಿ, ಹಾಗಲ್ಲ. 2000ದ ಯೋಜನಾ ಕಾಯ್ದೆ ಬಂದಾಗಿನಿಂದ ಪ್ರತಿ ಸ್ಥಳೀಯ ಆಡಳಿತವೂ ರಕ್ಷಿತ ಕಟ್ಟಡಗಳ ಪಟ್ಟಿ ಇಟ್ಟಿರಬೇಕು. ಪಟ್ಟಿಗೆ ಸೇರಿದ ಕಟ್ಟಡದ ಗೋಡೆ ಮಾತ್ರ ಅಲ್ಲ, ಒಳಭಾಗಕ್ಕೂ ರಕ್ಷಣೆ. ಚರ್ಚಿನ ವಿಷಯದಲ್ಲಿ ಒಂದು ಮಾತು ಸೇರಿಸಿದರು: ತೀರ್ಮಾನ ಮಾಡುವಾಗ ಪೂಜಾವಿಧಿಯ ಅಗತ್ಯಗಳನ್ನು ಗೌರವಿಸಬೇಕು. ಕೇಳಲು ಸಮಾಧಾನದ ಮಾತು. ಆದರೆ ಅಗತ್ಯ ಯಾವುದು ಎಂದು ಹೇಳುವವರು ಯಾರು? ಬಿಷಪ್ ಹೇಳಿದ್ದೇ ಅಗತ್ಯವೇ? ಗೌರವಿಸುವುದು ಎಂದರೆ ಒಪ್ಪಲೇಬೇಕು ಎಂದೇ?

ಇದಕ್ಕೆ ಉತ್ತರ ಹುಡುಕಬೇಕಾಗಿ ಬಂದದ್ದು ಕಾರ್ಕ್ ಬಂದರಿನ ಕೋವ್ ಊರಿನಲ್ಲಿ. ಅಲ್ಲಿನ ಸಂತ ಕೋಲ್ಮನ್ ಕೆಥೆಡ್ರಲ್ ಎಡ್ವರ್ಡ್ ಪ್ಯೂಜಿನ್ ಮತ್ತು ಜಾರ್ಜ್ ಆಶ್ಲಿನ್ ಅವರ ವಿನ್ಯಾಸ. 1868ರಲ್ಲಿ ಶುರುವಾಗಿ ಮುಗಿಯಲು ಐವತ್ತು ವರ್ಷ ಹಿಡಿಯಿತು. ಬಿಷಪ್ ಜಾನ್ ಮಗೀ ಬಲಿಪೀಠದ ವೇದಿಕೆಯನ್ನು ಜನರ ಕಡೆ ಮುಂದಕ್ಕೆ ತರಲು ಯೋಜನೆ ಮಾಡಿದರು. ಕಟಕಟೆ ತೆಗೆಯಬೇಕಿತ್ತು, ನೆಲದ ಮೊಸಾಯಿಕ್‌ನ ಒಂದು ಭಾಗ ಹೋಗಬೇಕಿತ್ತು. 2005ರಲ್ಲಿ ಪಟ್ಟಣ ಸಭೆ ಒಪ್ಪಿಗೆ ಕೊಟ್ಟಿತು. ಊರಿನ ಕ್ಯಾಥೊಲಿಕರದೇ ಒಂದು ಗುಂಪು ಮೇಲ್ಮನವಿ ಹಾಕಿತು. 2006ರ ಜೂನ್‌ನಲ್ಲಿ ರಾಷ್ಟ್ರೀಯ ಯೋಜನಾ ಮಂಡಳಿ ಅನುಮತಿ ನಿರಾಕರಿಸಿತು. ಬಿಷಪ್ ಕೋರ್ಟಿಗೆ ಹೋಗಲಿಲ್ಲ.

ಭಕ್ತರು ತಮ್ಮ ಬಿಷಪ್ ವಿರುದ್ಧ ಸರ್ಕಾರಿ ಮಂಡಳಿಗೆ ದೂರು ಕೊಟ್ಟು ಗೆದ್ದರು ಎಂಬುದು ಐರ್ಲೆಂಡಿನಲ್ಲಿ ಸಣ್ಣ ಸಂಗತಿಯಲ್ಲ. ಹಿಂದಿನ ತಲೆಮಾರಿನಲ್ಲಿ ಊಹಿಸಲೂ ಆಗದ ಮಾತು. ಆ ಮಂಡಳಿಗೆ 2025ರಲ್ಲಿ ಹೊಸ ಹೆಸರು ಬಂದಿದೆ. ಪ್ರಶ್ನೆ ಮಾತ್ರ ಹಳೆಯದೇ.

ಯಾರ ವಾದ ಏನು?

ಚರ್ಚಿನವರ ವಾದ ನೇರವಾಗಿದೆ. ಚರ್ಚು ವಸ್ತುಸಂಗ್ರಹಾಲಯವಲ್ಲ. ಪೂಜೆಗಾಗಿ ಕಟ್ಟಿದ ಮನೆ, ಪೂಜೆ ಬದಲಾದಾಗ ಬದಲಾಗುತ್ತಲೇ ಬಂದಿದೆ. ದುರಸ್ತಿಯ ಖರ್ಚು ಕೊಡುವವರು ಭಕ್ತರು, ಸರ್ಕಾರದ ಸಣ್ಣ ಅನುದಾನ ಎಲ್ಲಿ ಸಾಲುತ್ತದೆ? ಹಣ ಕೊಡದವರು ಷರತ್ತು ಹಾಕುವುದು ಯಾವ ನ್ಯಾಯ?

ಪರಂಪರೆಯ ಪರ ಇರುವವರು ಇನ್ನೊಂದು ಲೆಕ್ಕ ಮುಂದಿಡುತ್ತಾರೆ. ಬಿಷಪ್ ಬರುತ್ತಾರೆ, ಹೋಗುತ್ತಾರೆ. ಒಬ್ಬರ ಕಾಲದಲ್ಲಿ ಒಡೆದದ್ದು ಇನ್ನೊಬ್ಬರ ಕಾಲದಲ್ಲಿ ಮರಳಿ ಬರುವುದಿಲ್ಲ. ಅರ್ಮಾದ ಅಮೃತಶಿಲೆಗೆ ಆದದ್ದು ಅದೇ. ಕುತೂಹಲವೆಂದರೆ ಇದೇ ವಾದ ಈಗ ಮೆಕಾರ್ಮಿಕ್ ಅವರ ಕೆಲಸದ ರಕ್ಷಣೆಗೂ ಬೇಕಾಗಿದೆ. ಅವರ ಅರ್ಮಾ ಇಪ್ಪತ್ತು ವರ್ಷಕ್ಕಿಂತ ಹೆಚ್ಚೇನೂ ಬಾಳಲಿಲ್ಲ, ಹಾಗಾದರೆ 1960-70ರ ದಶಕದ ಉಳಿದ ಕೆಲಸದ ಗತಿ ಏನು ಎಂದು ಪರಂಪರೆಯ ಪರ ಇರುವವರು ಕೇಳುತ್ತಾರೆ.

ಮೂರನೆಯವರ ಮಾತು ಅಷ್ಟು ಕೇಳಿಸುವುದಿಲ್ಲ. ಅವರು ಊರಿನವರು. ನಂಬಿಕೆ ಇದ್ದವರು, ಬಿಟ್ಟವರು, ಅರ್ಧಕ್ಕೆ ನಿಂತವರು ಎಲ್ಲ ಸೇರಿ. ಅಜ್ಜಿಯ ಮದುವೆ ಆದದ್ದು ಅಲ್ಲಿ, ಅಪ್ಪನ ಶವ ಇಟ್ಟದ್ದು ಅಲ್ಲಿ. 2022ರ ಅಕ್ಟೋಬರ್ 7ರಂದು ಕ್ರೀಸ್‌ಲೊದ ಪೆಟ್ರೋಲ್ ಬಂಕ್‌ನ ಕಟ್ಟಡದಲ್ಲಿ ಸ್ಫೋಟವಾಗಿ ಹತ್ತು ಜನ ಸತ್ತರು. ನಂತರದ ದಿನಗಳಲ್ಲಿ ಹಲವರ ಅಂತ್ಯಪೂಜೆ ನಡೆದದ್ದು ಮೆಕಾರ್ಮಿಕ್‌ರ ಆ ಬಿಳಿ ಚರ್ಚಿನಲ್ಲಿ. ದೇಶವೆಲ್ಲ ಟಿವಿಯಲ್ಲಿ ಅದನ್ನು ನೋಡಿತು. ವಾರ ವಾರ ಪೂಜೆಗೆ ಎಷ್ಟು ಜನ ಬರುತ್ತಾರೆ ಎಂಬ ಎಣಿಕೆಯಲ್ಲಿ ಈ ಉಪಯೋಗ ಎಲ್ಲೂ ಸಿಗುವುದಿಲ್ಲ. ಹೋಗದ ಚರ್ಚಿನ ಮೇಲೆ ಹಠ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಖಾಲಿಯಾಗುತ್ತಿರುವುದು ಎಷ್ಟು, ಯಾಕೆ?

ಐರ್ಲೆಂಡ್ ಗಣರಾಜ್ಯದ ಜನಗಣತಿಯಲ್ಲಿ ತಮ್ಮನ್ನು ಕ್ಯಾಥೊಲಿಕ್ ಎಂದುಕೊಂಡವರು 2016ರಲ್ಲಿ ಶೇ. 79 ಇದ್ದರು. 2022ರಲ್ಲಿ ಶೇ. 69ಕ್ಕೆ ಇಳಿದರು. ಧರ್ಮವಿಲ್ಲ ಎಂದವರು ಶೇ. 14. ಆರು ವರ್ಷದಲ್ಲಿ ಹತ್ತು ಅಂಶ ಇಳಿಯುವುದು ಬಹಳ ವೇಗ. ವಾರದ ಪೂಜೆಗೆ ಬರುವವರ ಪ್ರಮಾಣ ಇದಕ್ಕಿಂತ ತುಂಬಾ ಕೆಳಗಿದೆ. ಕಾರಣಗಳಲ್ಲಿ ದೊಡ್ಡದು ಗೊತ್ತಿರುವಂಥದೇ. ಚರ್ಚ್ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವರದಿಗಳು, ಅದರಲ್ಲೂ 2009ರ ರಯನ್ ಆಯೋಗದ ವರದಿ, ಜನರ ನಂಬಿಕೆಯನ್ನು ಅಲುಗಾಡಿಸಿದವು. ಪಾದ್ರಿಗಳಿಗೆ ವಯಸ್ಸಾಗುತ್ತಿದೆ, ಹೊಸಬರು ಬೆರಳೆಣಿಕೆಯಷ್ಟು. ಹಾಗಾಗಿ ಧರ್ಮಕೇಂದ್ರಗಳನ್ನು (ಒಂದೊಂದು ಚರ್ಚಿಗೆ ಸೇರಿದ ವಲಯಗಳನ್ನು) ಒಟ್ಟುಗೂಡಿಸಿ, ನಾಲ್ಕೈದು ಚರ್ಚಿಗೆ ಒಬ್ಬ ಪಾದ್ರಿ ಎಂಬ ವ್ಯವಸ್ಥೆ ಬರುತ್ತಿದೆ.

ಡಬ್ಲಿನ್‌ನಲ್ಲಿ ಇದಕ್ಕೆ ಜಾಗದ ಬೆಲೆಯೂ ಸೇರಿಕೊಂಡಿದೆ. ಅಲ್ಲಿ ಮನೆಗಳಿಗೆ ತೀರಾ ಅಭಾವ. ಕೆಲವು ವರ್ಷಗಳ ಹಿಂದೆ ನಗರದ ಮೂವತ್ತಕ್ಕೂ ಹೆಚ್ಚು ಚರ್ಚುಗಳ ಜಾಗದಲ್ಲಿ ಮನೆ ಕಟ್ಟಲು ಅವಕಾಶವಾಗುವಂತೆ ಭೂಬಳಕೆ ನಿಯಮ ಬದಲಿಸಿ ಎಂದು ಡಬ್ಲಿನ್ ಮಹಾಧರ್ಮಪ್ರಾಂತ್ಯ ನಗರಸಭೆಯನ್ನು ಕೇಳಿತ್ತು. ಫಿಂಗ್ಲಾಸ್‌ನಲ್ಲಿ 1960ರ ದಶಕದ ಒಂದು ಭಾರಿ ಚರ್ಚನ್ನು ಕೆಡವಲಾಯಿತು. ಅದರ ಬದಲು ಸಣ್ಣ ಚರ್ಚು, ಹಿರಿಯರಿಗೆ ಮನೆಗಳು ಎಂಬ ಯೋಜನೆ.

ಇದನ್ನು ನೋಡಿ ಆಧುನಿಕ ಚರ್ಚುಗಳೆಲ್ಲ ಸೋತವು ಎಂದು ಬರೆಯುವವರಿದ್ದಾರೆ. ಆ ತೀರ್ಮಾನ ಅವಸರದ್ದು. ಡಬ್ಲಿನ್‌ನ ಹೊರವಲಯದ ಚರ್ಚುಗಳಿಗೆ ಹೊರೆಯಾದದ್ದು ಶೈಲಿ ಅಲ್ಲ, ಗಾತ್ರ. ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್ವೇಡ್ 1940ರಿಂದ 1972ರವರೆಗೆ ಡಬ್ಲಿನ್ ಆಳಿದರು. ಆಗ ಹೊಸ ಬಡಾವಣೆಗಳಿಗೆ ಸಾವಿರಾರು ಜನ ಕೂರುವ ಚರ್ಚುಗಳು ಎದ್ದವು. ಈ ಜನಸಂದಣಿ ಯಾವತ್ತೂ ಹೀಗೇ ಇರುತ್ತದೆ ಎಂದು ನಂಬಿ ಕಟ್ಟಿದ್ದು. ಇವತ್ತು ಅಲ್ಲಿ ನೂರು ಜನ ಕೂತರೂ ಖಾಲಿ ಎನಿಸುತ್ತದೆ, ಆದರೆ ಬಿಸಿ ಮಾಡುವ ಖರ್ಚು ಪೂರ್ತಿ ಹಾಲಿಗೆ. ಮೆಕಾರ್ಮಿಕ್ ಡೊನೆಗಾಲ್‌ನಲ್ಲಿ ಕಟ್ಟಿದ್ದು ಹಳ್ಳಿಯ ಅಳತೆಗೆ. ಬರ್ಟ್‌ನಲ್ಲಿ ನೂರು ಜನ ಅರ್ಧವೃತ್ತದಲ್ಲಿ ಕೂತರೆ ಅದು ಕೂಟದಂತೆಯೇ ಕಾಣುತ್ತದೆ.

ಮುಂದೆ ಏನಾಗಬಹುದು?

ಬರ್ಟ್‌ಗೆ ಹೆಸರೇ ದೊಡ್ಡ ರಕ್ಷಣೆ. ಅದನ್ನು ಕೆಡವುವ ಧೈರ್ಯ ಯಾರೂ ಮಾಡಲಾರರು. ಅಪಾಯ ಇರುವುದು ಎರಡನೇ ಸಾಲಿನ ಕಟ್ಟಡಗಳಿಗೆ, ಚೆನ್ನಾಗಿದ್ದೂ ಪ್ರಶಸ್ತಿ ಪಡೆಯದವಕ್ಕೆ. ಹತ್ತೊಂಬತ್ತನೇ ಶತಮಾನದ ಕಲ್ಲಿನ ಚರ್ಚನ್ನು ಯಾರು ನೋಡಿದರೂ ಹಳೆಯದು ಎನ್ನುತ್ತಾರೆ, ಪಟ್ಟಿಗೆ ಸೇರಿಸುವುದು ಸುಲಭ. 1970ರ ಚರ್ಚು ಅನೇಕರಿಗೆ ಬರೀ ಹಳತಾದ ಕಟ್ಟಡ. ಅಟ್ಲಾಂಟಿಕ್‌ನ ಮಳೆಗಾಳಿಯಲ್ಲಿ ಚಪ್ಪಟೆ ಛಾವಣಿ, ಪ್ರಯೋಗದ ಜೋಡಣೆಗಳು ಸೋರುತ್ತವೆ. ದುರಸ್ತಿಗೆ ಬೇಕಾದ ಹಣ ಕಾಣಿಕೆ ಪೆಟ್ಟಿಗೆಯಲ್ಲಿ ಇಲ್ಲ. ದುರಸ್ತಿ ಮುಂದೂಡಿದರೆ ಹಾನಿ ಬೆಳೆಯುತ್ತದೆ, ಹಾನಿ ಬೆಳೆದರೆ ಕೆಡವುವುದೇ ಅಗ್ಗ ಎಂದು ಲೆಕ್ಕ ಬರುತ್ತದೆ. ಕಾನೂನಿನ ನೇರ ಉಲ್ಲಂಘನೆ ಇಲ್ಲದೆಯೂ ಕಟ್ಟಡ ಹೀಗೆ ಕೈತಪ್ಪಿ ಹೋಗಬಹುದು.

ಬೇರೆ ಉಪಯೋಗಕ್ಕೆ ಕೊಡುವ ದಾರಿ ಇದೆ. ಐರ್ಲೆಂಡಿನಲ್ಲಿ ಹಳೆಯ ಪ್ರಾಟೆಸ್ಟಂಟ್ ಚರ್ಚುಗಳು ಗ್ರಂಥಾಲಯ, ಹೋಟೆಲ್, ಪ್ರವಾಸಿ ಕೇಂದ್ರ ಆದದ್ದುಂಟು. ಉದ್ದ ಹಜಾರದ ಕಟ್ಟಡಕ್ಕೆ ಇದು ಹೊಂದುತ್ತದೆ, ನಡುವೆ ಗೋಡೆ ಎಬ್ಬಿಸಿದರೆ ಕೋಣೆಗಳು ಸಿಗುತ್ತವೆ. ಮೆಕಾರ್ಮಿಕ್‌ರ ವೃತ್ತದಲ್ಲಿ ಗೋಡೆ ಹಾಕುವುದು ಎಲ್ಲಿ? ಇಡೀ ಕಟ್ಟಡವೇ ಬಲಿಪೀಠದ ಕಡೆಗೆ ತಿರುಗಿ ನಿಂತಿದೆ. ಬಲಿಪೀಠ ತೆಗೆದರೆ ಬೆಳಕು ಬೀಳುವ ಜಾಗದಲ್ಲಿ ಏನೂ ಇರುವುದಿಲ್ಲ. ಪೂಜೆಗೆ ಇಷ್ಟು ಹತ್ತಿರದಿಂದ ಹೊಲಿದ ಕಟ್ಟಡವನ್ನು ಪೂಜೆಯಿಂದ ಬಿಡಿಸಿ ಉಳಿಸುವುದು ಕಷ್ಟ. ಪಟ್ಟಿಗೆ ಸೇರಿಸುವ ಕಾನೂನು ಗೋಡೆ ಕಾಯಬಲ್ಲದು. ಕೂರುವ ಜನರನ್ನು ತಂದು ಕೊಡಲಾರದು.

ಜನ ಬರುವುದೇ ಇಲ್ಲ ಎಂದೂ ಅಲ್ಲ. ಐರ್ಲೆಂಡಿನ ಆಸ್ಪತ್ರೆಗಳಿಗೆ ನರ್ಸ್ ಕೆಲಸಕ್ಕೆ ಕೇರಳದಿಂದ, ಮಂಗಳೂರು ಕಡೆಯಿಂದ ಹೋದ ಕ್ಯಾಥೊಲಿಕ್ ಕುಟುಂಬಗಳು, ಪೋಲೆಂಡ್, ಫಿಲಿಪೀನ್ಸ್, ನೈಜೀರಿಯಾದವರು ಈಗ ಅನೇಕ ಊರುಗಳ ಚರ್ಚಿನಲ್ಲಿ ಎದ್ದು ಕಾಣುತ್ತಾರೆ. ಹಲವು ಧರ್ಮಕೇಂದ್ರಗಳಲ್ಲಿ ಪಾದ್ರಿಗಳೂ ಭಾರತದವರು, ಆಫ್ರಿಕಾದವರು. ಆದರೆ ಇವರು ನೆಲೆಸುವುದು ಬಹುಮಟ್ಟಿಗೆ ಆಸ್ಪತ್ರೆ, ಕೆಲಸ ಇರುವ ಪಟ್ಟಣಗಳಲ್ಲಿ. ಒಳ್ಳೆಯ ಸಣ್ಣ ಚರ್ಚುಗಳು ಇರುವುದು ಯುವಕರು ಬಿಟ್ಟು ಹೋಗುತ್ತಿರುವ ಡೊನೆಗಾಲ್‌ನ ಹಳ್ಳಿಗಳಲ್ಲಿ. ಹಾಗಾಗಿ ಒಂದೇ ನೀತಿ ಎರಡಕ್ಕೂ ಹೊಂದುವುದಿಲ್ಲ. ಡಬ್ಲಿನ್‌ನ ದೈತ್ಯ ಹಾಲುಗಳನ್ನು ಕುಗ್ಗಿಸಿ, ಉಳಿದ ಜಾಗದಲ್ಲಿ ಮನೆ ಕಟ್ಟುವುದು ಸರಿಯಾದ ದಾರಿ ಇರಬಹುದು. ಅಲ್ಲಿ ಹಠ ಮಾಡುವವರ ಜೊತೆ ಮಾತಾಡಿ ಒಪ್ಪಿಸಬೇಕಾದೀತು. ಡೊನೆಗಾಲ್‌ಗೆ ಬೇಕಿರುವುದು ಅದಲ್ಲ. ಅಲ್ಲಿ ಮೊದಲು ಆಗಬೇಕಾದದ್ದು ಛಾವಣಿ ದುರಸ್ತಿಯ ಹಣ. ಅದನ್ನು ಕೊಡುವವರು ಧರ್ಮಪ್ರಾಂತ್ಯವೋ ಸರ್ಕಾರವೋ ಎಂಬುದು ತೀರ್ಮಾನವಾಗದೆ ಉಳಿದರೆ, ಮುಂದಿನ ಅರ್ಜಿ ಬಲಿಪೀಠ ಸರಿಸುವುದಕ್ಕೆ ಬರುವುದಿಲ್ಲ, ಕಟ್ಟಡ ಕೆಡವುವುದಕ್ಕೆ ಬರುತ್ತದೆ.